ಈ ಡಿಸೈನು ಯಾರದ್ದು?

ಹೋದ ದೀಪಾವಳಿಗೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಎಂದಿನಂತೆ ಮಳಿಗೆ ಹಾಕಿದ್ದರು. ಚಕ್ಕುಲಿ, ಹಣತೆ, ಕುರ್ತಾ, ಸುಗಂಧದ ಮೇಣದಬತ್ತಿ. ಅದರ ನಡುವೆ ಒಂದು ಟೇಬಲ್ಲಿನ ಮುಂದೆ ನಾನು ಕಾಗದದ ಗಿಫ್ಟ್ ಬ್ಯಾಗೊಂದನ್ನು ಹಿಡಿದುಕೊಂಡು ಒಳಗೊಳಗೇ ಕುದಿಯುತ್ತಾ ನಿಂತಿದ್ದೆ. ಪಕ್ಕದ ಟವರಿನ, ಇನ್ನೂ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಅವನ್ನು ಮಾಡಿ ಮಾರುತ್ತಿದ್ದಳು. ಒಂದಕ್ಕೆ 60 ರೂಪಾಯಿ. ಕಪ್ಪು ಹಿನ್ನೆಲೆ, ಅದರ ಮೇಲೆ ಕೆಂಪು, ಹಸಿರು, ಕಿತ್ತಳೆ ಬಣ್ಣದ ಗೋಪುರಗಳ ಸಾಲು. ಆ ಕಿತ್ತಳೆಯನ್ನು ಆರಿಸೋದಕ್ಕೆ ನಾನು ಒಂದಿಡೀ ಭಾನುವಾರ ಕೂತಿದ್ದೆ. ಅದು ನನ್ನ ಫೈಲು. ಅನುಮಾನವೇ ಇಲ್ಲ.

ಏನೂ ಹೇಳದೆ ಒಂದು ಬ್ಯಾಗ್ ಕೊಂಡುಕೊಂಡು ಮನೆಗೆ ಬಂದೆ. ಸೋಫಾದ ಮೇಲೆ ಎಸೆದು, "ನೋಡು, ನನ್ನ ಡಿಸೈನನ್ನ ಕದ್ದು ಮಾರ್ತಿದ್ದಾಳೆ" ಅಂದೆ. ನನ್ನ ಗಂಡ ಬ್ಯಾಗನ್ನು ತಿರುಗಿಸಿ ನೋಡಿ, ಯಾವ ಕುಹಕವೂ ಇಲ್ಲದೆ, ನಿಜಕ್ಕೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ: "ಇದು ನಿಮ್ಮಮ್ಮನ ಸೀರೆದಲ್ವಾ? ನಿನ್ನದು ಹೇಗಾಯ್ತು?"

ಕೆಲವು ಪ್ರಶ್ನೆಗಳು ಹಾಗೆ. ಕೇಳಿದವರು ಮರೆತು ಊಟಕ್ಕೆ ಏಳುತ್ತಾರೆ, ಕೇಳಿಸಿಕೊಂಡವರು ತಿಂಗಳುಗಟ್ಟಲೆ ಹೊತ್ತುಕೊಂಡು ತಿರುಗುತ್ತಾರೆ. ಈ ಬರಹ ಆ ಹೊರೆಯನ್ನು ಇಳಿಸುವ ಪ್ರಯತ್ನ.

ಮೊದಲು ಈ ಹುಚ್ಚಿನ ಬಗ್ಗೆ ಸ್ವಲ್ಪ ಹೇಳ್ತೀನಿ. ಲಾಕ್‌ಡೌನಿನಲ್ಲಿ ಆಫೀಸಿನ ಕೆಲಸಕ್ಕೆ ಅಂತ ಒಂದು ಇಂಕ್ ಟ್ಯಾಂಕ್ ಪ್ರಿಂಟರ್ ಕೊಂಡಿದ್ದೆ, ಸ್ಕ್ಯಾನರ್ ಇರುವಂಥದ್ದು. ಆಫೀಸಿನವರು ಒಂದು ಹಾಳೆಯನ್ನೂ ಪ್ರಿಂಟ್ ಮಾಡು ಅನ್ನಲಿಲ್ಲ. ನಳಿಗೆಯಲ್ಲಿ ಇಂಕು ಒಣಗಿಹೋಗುತ್ತಲ್ಲ ಅನ್ನೋ ಚಿಂತೆಗೆ ವಾರಕ್ಕೊಂದು ಬಣ್ಣದ ಹಾಳೆ ತೆಗೆಯತೊಡಗಿದೆ. ಹಾಗೆ ಶುರುವಾದದ್ದು ಡಿಸೈನ್ ಪೇಪರ್ ಪ್ರಿಂಟ್ ಮಾಡುವ ಚಟ. ಲಕೋಟೆ, ಪುಸ್ತಕಕ್ಕೆ ರಟ್ಟು, ಸಣ್ಣ ಡಬ್ಬಿ, ಕೊನೆಗೆ ಆಕಾಶಬುಟ್ಟಿ.

ಮೇಲ್ನೋಟಕ್ಕೆ ಸುಲಭ ಅನ್ನಿಸುವ ಈ ಕೆಲಸ ಹಾಗೇನೂ ಸುಲಭ ಅಲ್ಲ. ಇಂಟರ್‌ನೆಟ್ಟಿನಲ್ಲಿ ಸಿಗುವ ಡಿಸೈನ್ ಪೇಪರುಗಳು ಸಾಮಾನ್ಯವಾಗಿ 12 ಇಂಚು ಚೌಕದವು. ಇಂಚಿಗೆ 300 ಚುಕ್ಕೆ ಅಂದರೆ 3600 ಪಿಕ್ಸೆಲ್ ಉದ್ದ, 3600 ಅಗಲ. ನಮ್ಮ ಮನೆಯ ಎ4 ಹಾಳೆಯ ಅಗಲ ಎಂಟೂಕಾಲು ಇಂಚಿನಷ್ಟು. 'ಫಿಟ್ ಟು ಪೇಜ್' ಒತ್ತಿದರೆ ಇಡೀ ಚಿತ್ರ ಮೂರರಲ್ಲಿ ಎರಡು ಪಾಲಿಗೆ ಕುಗ್ಗಿ, ಹೂವೆಲ್ಲ ಸಾಸಿವೆ ಆಗುತ್ತದೆ. 'ಆಕ್ಚುವಲ್ ಸೈಜ್' ಅಂದರೆ ಅಂಚು ಕತ್ತರಿಸಿಹೋಗುತ್ತದೆ. ಸಾಧಾರಣ 75 ಜಿಎಸ್‌ಎಂ ಹಾಳೆ ಇಂಕು ಕುಡಿದು ಅಲೆಅಲೆಯಾಗುತ್ತದೆ. 250ರ ದಪ್ಪ ಹಾಳೆ ಹಾಕಿದರೆ ನನ್ನ ಪ್ರಿಂಟರು ಕರಕರ ಅಂದು ಅರ್ಧಕ್ಕೇ ನಿಲ್ಲುತ್ತದೆ. ಡೈ ಇಂಕಿನ ಮೇಲೆ ನೀರು ಜಾಸ್ತಿ ಇರುವ ಗೋಂದು ಬಿದ್ದರೆ ಬಣ್ಣ ಹರಿಯಿತು ಅಂತಲೇ ಲೆಕ್ಕ. ಇಷ್ಟೆಲ್ಲ ಆದಮೇಲೂ ಪರದೆಯ ಮೇಲೆ ಕುಂಕುಮದಂತೆ ಕಂಡದ್ದು ಕಾಗದದ ಮೇಲೆ ಇಟ್ಟಿಗೆಯಾಗಿ ಬರುತ್ತದೆ. ಹೀಗೆ ಒದ್ದಾಡಿ ಒದ್ದಾಡಿ ಕೊನೆಗೆ 130 ಜಿಎಸ್‌ಎಂ ಮ್ಯಾಟ್ ಹಾಳೆಗೆ ಬಂದು ನಿಂತೆ. ಒಳಗೆ ಬಲ್ಬು ಹಾಕಿದರೆ ಬೆಳಕು ದಾಟುವಷ್ಟು ತೆಳು, ಮಡಚಿದರೆ ನಿಲ್ಲುವಷ್ಟು ಗಟ್ಟಿ.

ಇದನ್ನೆಲ್ಲ ಹೇಳಿದ್ದು ಯಾಕೆ ಅಂದರೆ, ಇಷ್ಟು ಕಷ್ಟಪಟ್ಟಮೇಲೆ ಮನಸ್ಸು ಒಂದು ತಪ್ಪು ಲೆಕ್ಕ ಹಾಕುತ್ತದೆ. ನಾನು ಬೆವರು ಹರಿಸಿದೆ, ಆದ್ದರಿಂದ ಇದು ನನ್ನದು.

ಕೊಂಡ ಫೈಲುಗಳ ವಿಷಯದಲ್ಲಿ ನಾನು ಪ್ರಾಮಾಣಿಕಳು ಅನ್ನುವ ಹೆಮ್ಮೆ ನನಗಿತ್ತು. ಸ್ವಂತ ಬಳಕೆಗೆ ಮಾತ್ರ ಅಂತ ಬರೆದ ಫೈಲಿನಿಂದ ಮಾಡಿದ್ದನ್ನು ಒಂದು ದಿನವೂ ಮಾರಿಲ್ಲ. ಐಟಿಯಲ್ಲಿ ಕೆಲಸ ಮಾಡುವ ನಮಗೆಲ್ಲ ಇದು ಅಭ್ಯಾಸ. ಯಾರೋ ಬರೆದ ಲೈಬ್ರರಿಯನ್ನು ನಮ್ಮ ಕೋಡಿಗೆ ಸೇರಿಸುವ ಮುಂಚೆ ಲೈಸೆನ್ಸ್ ನೋಡ್ತೀವಿ. ಎಂಐಟಿ ಲೈಸೆನ್ಸಿನಂಥ ಅತಿ ಉದಾರ ಒಪ್ಪಂದ ಕೂಡ ಒಂದು ಮಾತು ಕೇಳುತ್ತದೆ: ಏನಾದರೂ ಮಾಡಿಕೋ, ಮಾರಿಕೋ, ಆದರೆ ಬರೆದವರ ಹೆಸರಿರುವ ಆ ಎರಡು ಸಾಲು ಅಳಿಸಬೇಡ. ನಾವು ಅಳಿಸೋದಿಲ್ಲ. ಎಲ್ಲೋ ಇರುವ, ಎಂದೂ ನೋಡದ ಪ್ರೋಗ್ರಾಮರ್‌ಗೆ ಅಷ್ಟು ಮರ್ಯಾದೆ ಕೊಡ್ತೀವಿ.

ಅಮ್ಮನ ಸೀರೆಗೆ ಲೈಸೆನ್ಸ್ ಫೈಲ್ ಇರಲಿಲ್ಲ. ನಾನೂ ನೋಡಲಿಲ್ಲ.

ಅದು ಕಪ್ಪು ಚಂದ್ರಕಾಳಿ ಸೀರೆ. ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ, ಧಾರವಾಡದ ನಮ್ಮ ಓಣಿಯ ಮೂಲೆಮನೆ ಕಾಕು ಅದರ ಸೆರಗಿಗೆ ಕಸೂತಿ ಹಾಕಿಕೊಟ್ಟಿದ್ದರಂತೆ. ಗೋಪುರ, ತುಳಸಿ ಕಟ್ಟೆ, ನವಿಲು, ಆನೆ. ನಾನು ಅದನ್ನು ಬೆಂಗಳೂರಿಗೆ ತಂದು, ಸೆರಗನ್ನು ಸ್ಕ್ಯಾನರಿನ ಗಾಜಿನ ಮೇಲೆ ಹರಡಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಒಂದು ಗೋಪುರವನ್ನು ಕತ್ತರಿಸಿ, ಅಂಚಿಗೆ ಅಂಚು ಕೂಡುವಂತೆ ಸಾಫ್ಟ್‌ವೇರಿನಲ್ಲಿ ಸಾಲಾಗಿ ಜೋಡಿಸಿದೆ. ಬಣ್ಣ ಬದಲಿಸಿದೆ. ಹಾಳೆ ಮಡಚಿ ಆಕಾಶಬುಟ್ಟಿ ಮಾಡಿದೆ. ಎರಡು ವರ್ಷದ ಹಿಂದಿನ ದೀಪಾವಳಿಯಲ್ಲಿ ಇದೇ ಕ್ಲಬ್‌ಹೌಸಿನಲ್ಲಿ ತಲಾ 250 ರೂಪಾಯಿಯಂತೆ 42 ಆಕಾಶಬುಟ್ಟಿ ಮಾರಿದೆ. ಖರ್ಚು ಕಳೆದು ಏಳು ಸಾವಿರ ಉಳಿಯಿತು. "ವಾವ್, ನೀನೇ ಮಾಡಿದ್ದಾ?" ಅಂತ ಕೇಳಿದವರಿಗೆಲ್ಲ "ಹೂಂ, ನಾನೇ" ಅಂದೆ. ಆಮೇಲೆ ಮೂರನೇ ಮಹಡಿಯ ಗೆಳತಿ ಮಗನ ಸ್ಕೂಲ್ ಪ್ರಾಜೆಕ್ಟಿಗೆ ಕೇಳಿದಳು ಅಂತ ಫೈಲ್ ಕಳಿಸಿದ್ದೆ. ಅವಳಿಂದ ಯಾರಿಗೋ, ಯಾರಿಂದಲೋ ಇನ್ಯಾರಿಗೋ ಹೋಗಿ, ಕೊನೆಗೆ ಗಿಫ್ಟ್ ಬ್ಯಾಗಾಗಿ ನನ್ನ ಸೋಫಾಕ್ಕೆ ಬಂದು ಬಿದ್ದಿತ್ತು.

ಗಂಡನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮೊದಲು ಕಾನೂನಿನ ಬಾಗಿಲು ತಟ್ಟಿದೆ. ತಪ್ಪು ಮಾಡಿದ ಅನುಮಾನ ಬಂದಾಗ ನಾವು ವಿದ್ಯಾವಂತರು ಮೊದಲು ಹೋಗೋದೇ ಅಲ್ಲಿಗೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸ್ವಂತ ಬಳಕೆಗೆ ನ್ಯಾಯವಾಗಿ ಬಳಸಿಕೊಳ್ಳಲು ಅವಕಾಶ ಇದೆ, ನಿಜ. ಆದರೆ 42 ಆಕಾಶಬುಟ್ಟಿ ಮಾರಿದ್ದನ್ನು ಸ್ವಂತ ಬಳಕೆ ಅನ್ನೋಕಾಗಲ್ಲ. ಇನ್ನು ಧಾರವಾಡ ಸೀಮೆಯ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆದರೆ ಆ ಕಾನೂನು ಮುಖ್ಯವಾಗಿ ಕಾಯೋದು ಹೆಸರನ್ನು. ಕಸೂತಿಯಲ್ಲದ್ದನ್ನು ಕಸೂತಿ ಅಂತ ಮಾರಬೇಡಿ ಅನ್ನುತ್ತದೆ. ನಾನು ಹಾಗೆ ಮಾರಿರಲಿಲ್ಲ. ಗೋಪುರದ ಆಕಾರವೋ, ತಲೆಮಾರುಗಳಿಂದ ಎಲ್ಲರೂ ಹಾಕಿಕೊಂಡು ಬಂದದ್ದು. ಅದಕ್ಕೆ ಒಬ್ಬ ಒಡೆಯ ಇಲ್ಲ. ಕಾನೂನಿನ ಮಟ್ಟಿಗೆ ಹೆಚ್ಚುಕಮ್ಮಿ ಪಾರಾದೆ ಅನ್ನಿಸಿತು.

ಎರಡನೇ ವಾದ ನಿಮಗೂ ಹೊಳೆದಿರುತ್ತೆ. ಸೀರೆ ಅಮ್ಮನ ಬೀರುವಿನಲ್ಲೇ ಇದೆ. ಒಂದು ಎಳೆಯೂ ಕಮ್ಮಿಯಾಗಿಲ್ಲ. ಯಾರೂ ಏನನ್ನೂ ಕಳೆದುಕೊಳ್ಳದ ಮೇಲೆ ಅದು ಕಳ್ಳತನ ಹೇಗಾಗುತ್ತೆ?

ಮೂರನೇ ವಾದ ಎಲ್ಲಕ್ಕಿಂತ ಬಲವಾದದ್ದು. ಡಿಸೈನುಗಳ ಚರಿತ್ರೆಯೇ ನಕಲಿನ ಚರಿತ್ರೆ. ನಮ್ಮ ಸೀರೆಗಳ ಮಾವಿನಕಾಯಿ ಬುಟ್ಟಾವನ್ನು ಜಗತ್ತೆಲ್ಲ 'ಪೇಸ್ಲಿ' ಅನ್ನುತ್ತದೆ. ಪೇಸ್ಲಿ ಎಂಬುದು ಸ್ಕಾಟ್ಲೆಂಡಿನ ಒಂದು ಊರು. ಕಾಶ್ಮೀರದ ಶಾಲುಗಳ ನಕಲನ್ನು 19ನೇ ಶತಮಾನದಲ್ಲಿ ಆ ಊರಿನ ಮಗ್ಗಗಳಲ್ಲಿ ನೇಯ್ದರು. ಡಿಸೈನಿಗೆ ನಕಲು ಮಾಡಿದ ಊರಿನ ಹೆಸರೇ ಅಂಟಿಕೊಂಡಿತು, ಕಾಶ್ಮೀರದ ನೇಕಾರ ಎಲ್ಲೂ ಇಲ್ಲ. ಡಿಜಿಟಲ್ ಪೇಪರಿನಲ್ಲಿ ಹೇರಳವಾಗಿ ಸಿಗುವ ವಿಲಿಯಂ ಮಾರಿಸನ ಹೂಬಳ್ಳಿಗಳನ್ನೇ ನೋಡಿ. ಇಂಗ್ಲೆಂಡಿನ ಆತ ಸ್ಟ್ರಾಬೆರಿ ಕದಿಯುವ ಹಕ್ಕಿಗಳ ಪ್ರಸಿದ್ಧ ಡಿಸೈನ್ ಮಾಡಿದ್ದು 1883ರಲ್ಲಿ, ತೀರಿಕೊಂಡದ್ದು 1896ರಲ್ಲಿ. ಅವನ ಕೃತಿಸ್ವಾಮ್ಯ ಎಂದೋ ಮುಗಿದಿದೆ, ಇವತ್ತು ಯಾರು ಬೇಕಾದರೂ ಪ್ರಿಂಟ್ ಹಾಕಬಹುದು. ಎಲ್ಲರೂ ಎಲ್ಲರಿಂದ ತೆಗೆದುಕೊಂಡೇ ಇಲ್ಲಿಯವರೆಗೆ ಬಂದಿದ್ದೇವೆ. ನನ್ನೊಬ್ಬಳ ಆಕಾಶಬುಟ್ಟಿಗೆ ಏನು ವಿಶೇಷ?

ಮೂರೂ ವಾದ ಸರಿಯಾಗಿಯೇ ಇವೆ ಅನ್ನಿಸಿತು. ಒಂದೇ ತೊಡಕು. ಈ ಮೂರನ್ನೂ ಆ ಕಾಲೇಜು ಹುಡುಗಿ ನನಗೆ ಹೇಳಬಹುದಿತ್ತು. ಗೋಪುರ ನಿಮ್ಮದಲ್ಲ, ನಿಮ್ಮ ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದೆಯಲ್ಲ ಆಂಟಿ, ನೀವೂ ನೋಡಿಯೇ ತೆಗೆದದ್ದಲ್ವಾ. ಅಷ್ಟಾದರೂ ನನ್ನ ಸಿಟ್ಟು ಇಳಿಯುತ್ತಿರಲಿಲ್ಲ. ಹಾಗಾದರೆ ಆ ಸಿಟ್ಟು ಯಾತಕ್ಕೆ? 60 ರೂಪಾಯಿಗಂತೂ ಅಲ್ಲ. ಕೂತು ಯೋಚಿಸಿದಾಗ ತಿಳಿದದ್ದು ಇಷ್ಟೇ: ನನಗೆ ಒಂದು ಮಾತು ಹೇಳಲಿಲ್ಲವಲ್ಲ. ಬೆಲ್ ಒತ್ತಿ, "ಆಂಟಿ, ಇದು ನಿಮ್ಮದಂತೆ, ಬಳಸಲಾ?" ಅಂದಿದ್ದರೆ ಕಾಫಿ ಕೊಟ್ಟು, ಯಾವ ಹಾಳೆ ಒಳ್ಳೆಯದು ಅಂತಲೂ ಹೇಳಿ ಕಳಿಸುತ್ತಿದ್ದೆ.

ಆ ವಾಕ್ಯ ಮನಸ್ಸಿನಲ್ಲಿ ಮುಗಿಯುವ ಮುಂಚೆಯೇ ಮೂಲೆಮನೆ ಕಾಕು ನೆನಪಾದರು.

ಸಂಕ್ರಾಂತಿಗೆ ಊರಿಗೆ ಹೋದಾಗ ಒಂದು ಆಕಾಶಬುಟ್ಟಿ, ಆ ಗಿಫ್ಟ್ ಬ್ಯಾಗು, ಒಂದು ಲಕೋಟೆಯಲ್ಲಿ 3500 ರೂಪಾಯಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಕಾಕುಗೆ ಈಗ ಎಪ್ಪತ್ತು ದಾಟಿದೆ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಕಸೂತಿ ನಿಲ್ಲಿಸಿ ಐದಾರು ವರ್ಷವಾಯಿತಂತೆ. ಎಲ್ಲವನ್ನೂ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು ಅಂದರೆ ನಗಬೇಡಿ.

ಕಾಕು ಆಕಾಶಬುಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ನಾನು ಎಣಿಸಿರದ ಒಂದು ಕೆಲಸ ಮಾಡಿದರು. ಬೆರಳು ಒಳಗೆ ತೂರಿಸಿ ಕಾಗದದ ಹಿಂಬದಿ ನೋಡಿದರು.

"ಹಿಂದ ಬರೇ ಬಿಳೀ ಅದಲ್ಲವಾ!"

"ಹೌದ್ರಿ ಕಾಕು. ಪ್ರಿಂಟ್ ಒಂದ ಬಾಜೂ ಬರತದ."

ಅವರಿಗೆ ಅದು ವಿಚಿತ್ರ ಅನ್ನಿಸಿತು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಬಿಟ್ಟು ಬಿಟ್ಟು ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಬರುತ್ತದೆ. ಗಂಟು ಹಾಕೋದಿಲ್ಲ. ಅದಕ್ಕೇ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಮೊದಲೇ ಗೀಟು ಹಾಕಿಕೊಳ್ಳೋದೂ ಇಲ್ಲ, ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕಬೇಕು. ಎಲ್ಲೋ ಒಂದು ಕಡೆ ಎಣಿಕೆ ತಪ್ಪಿದರೆ ತಿರುಗಿ ಬರುವಾಗ ಸಿಕ್ಕಿಬೀಳುತ್ತದೆ.

ನಾನೂ ಸಿಕ್ಕಿಬಿದ್ದೆ. ಕಾಕು ಗೋಪುರದ ಮೇಲೆ ಉಗುರು ಇಟ್ಟರು. "ಇಲ್ಲೆ ನೋಡ. ಎಡಕ್ಕ ಐದು ಮೆಟ್ಲ, ಬಲಕ್ಕ ನಾಕ. ಒಂದ ಮೆಟ್ಲ ಎಲ್ಲಿ ಹೋತು?"

ಎದೆ ಧಸಕ್ಕೆಂದಿತು. ಅಂಚಿಗೆ ಅಂಚು ಕೂಡಿಸುವಾಗ ಬಲಗಡೆಯ ಒಂದು ಪಟ್ಟಿಯನ್ನು ಕತ್ತರಿಸಿಬಿಟ್ಟಿದ್ದೆ. ಎರಡು ವರ್ಷದಲ್ಲಿ ನನಗೂ ಕಂಡಿರಲಿಲ್ಲ, ಕೊಂಡವರಿಗೂ ಕಂಡಿರಲಿಲ್ಲ. ಗಿಫ್ಟ್ ಬ್ಯಾಗ್ ತೆಗೆದು ನೋಡಿದೆ. ಅಲ್ಲೂ ಎಡಕ್ಕೆ ಐದು, ಬಲಕ್ಕೆ ನಾಲ್ಕು. ಕಿತ್ತಳೆ ಬಣ್ಣ ಬಿಟ್ಟರೆ ಆ ಡಿಸೈನಿನಲ್ಲಿ ಅಪ್ಪಟ ನನ್ನದು ಅಂತ ಇದ್ದದ್ದು ಆ ತಪ್ಪೊಂದೇ.

"ನಿಮ್ಮನ್ನ ಕೇಳಬೇಕಾಗಿತ್ತು ಕಾಕು" ಅಂದೆ.

"ನಾ ಏನ್ ಈ ಗೋಪುರಾನ ಹುಟ್ಟಿಸೀನೇನವಾ? ನಮ್ಮ ಅತ್ತಿ ಕುಬಸದ ಮ್ಯಾಲೆ ಇತ್ತು. ಅವರ ಬಾಜೂಕ ಕೂತು, ಎಣಿಸಿ, ತಪ್ಪಿಸಿ, ಬೈಸ್ಕೊಂಡು ಕಲತೆ." ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಕೇಳಿದ್ದ್ರ ಛೊಲೋ ಇರತಿತ್ತು. ಮೆಟ್ಲ ಹೋಗೂದು ತಪ್ಪತಿತ್ತು" ಅಂದರು.

ಲಕೋಟೆ ಮುಂದೆ ಇಟ್ಟೆ. ಬೇಡ ಅನ್ನುತ್ತಾರೆ, ನಾನು ಒತ್ತಾಯ ಮಾಡಬೇಕು, ಅಂತೆಲ್ಲ ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡು ಹೋಗಿದ್ದೆ. ಕಾಕು ಸುಮ್ಮನೆ ತೆಗೆದುಕೊಂಡು ಎಣಿಸಿದರು. "ಬ್ಯಾಡ ಅನ್ನಂಗಿಲ್ಲ. ಅವಾಗ ಒಂದು ಸೀರಿಗೆ ತಿಂಗಳಗಟ್ಟಲೆ ಕಣ್ಣು ಹಾಕಿದ್ರೂ ಇಷ್ಟ ಯಾರೂ ಕೊಡತಿದ್ದಿಲ್ಲ" ಅಂದರು. ಯಾರೂ ಏನನ್ನೂ ಕಳೆದುಕೊಂಡಿಲ್ಲ ಅನ್ನುವ ನನ್ನ ಎರಡನೇ ವಾದ ಅಲ್ಲಿಗೆ ಮುಗಿಯಿತು. ಸೀರೆಯಿಂದ ಎಳೆ ಹೋಗಿರಲಿಲ್ಲ, ಸರಿ. ಕಾಕುವಿನ ಕೈಗೆ ಬರಬಹುದಾಗಿದ್ದದ್ದು ಬರದೇ ಹೋಗಿತ್ತು. ಕಳೆದುಕೊಂಡವರಿಗೆ ಗೊತ್ತೇ ಆಗದಂತೆ ಕಳೆಯುವ ವಿಧಾನವೂ ಇದೆ.

ಬೆಂಗಳೂರಿಗೆ ತಿರುಗಿ ಬರುವಾಗ ರೈಲಿನಲ್ಲಿ ನನ್ನ ಮೂರನೇ ವಾದವನ್ನು ಮತ್ತೆ ಎತ್ತಿಕೊಂಡೆ. ಕಾಕು ಅತ್ತೆಯದನ್ನು ನಕಲು ಮಾಡಿದರು. ನಾನು ಕಾಕುವಿನದನ್ನು. ಹುಡುಗಿ ನನ್ನದನ್ನು. ಮೂರೂ ನಕಲೇ. ಆದರೂ ಮೊದಲನೆಯದು ಬೇರೆ ಥರ ಕಾಣೋದು ಯಾಕೆ? ಕೈಯಿಂದ ಮಾಡಿದ್ದು ಶ್ರೇಷ್ಠ, ಯಂತ್ರ ಕೀಳು ಅಂತಲಾ? ನನಗೆ ಹಾಗನ್ನಿಸುವುದಿಲ್ಲ. ಪ್ರಿಂಟರನ್ನು ಬೈದು ಸಂತರಾಗೋದು ಸುಲಭ, ಆಮೇಲೆ ಅದೇ ಪ್ರಿಂಟರಿಗೆ ಇಂಕು ತುಂಬಿಸ್ತೀವಿ.

ನನಗೆ ಹೊಳೆದದ್ದು ಬೇರೆ. ಮುಂಚೆ ನಕಲು ಮಾಡಬೇಕಾದರೆ ಅವರ ಮನೆಗೆ ಹೋಗಬೇಕಿತ್ತು. ಪಕ್ಕದಲ್ಲಿ ಕೂರಬೇಕಿತ್ತು. ತಪ್ಪು ಮಾಡಿ ಬೈಸಿಕೊಳ್ಳಬೇಕಿತ್ತು, ಅವರ ಚಹಾ ಕುಡಿಯಬೇಕಿತ್ತು. ಅಷ್ಟಾದಮೇಲೆ ಅನುಮತಿ ಅಂತ ಬೇರೆ ಕೇಳುವ ಅಗತ್ಯವೇ ಇರಲಿಲ್ಲ. ಕಲಿಯುವ ಕೆಲಸದೊಳಗೇ ಕೇಳುವುದು, ಒಪ್ಪುವುದು, ನೆನೆಯುವುದು ಎಲ್ಲ ಸೇರಿತ್ತು. ಸ್ಕ್ಯಾನರು ನನಗೆ ಉಳಿಸಿಕೊಟ್ಟದ್ದು ತಿಂಗಳುಗಳ ದುಡಿಮೆಯನ್ನು ಮಾತ್ರ ಅಂದುಕೊಂಡಿದ್ದೆ. ಅದು ಕಾಕುವಿನ ಮನೆಗೆ ಹೋಗುವ ಕಾರಣವನ್ನೂ ತೆಗೆದುಹಾಕಿತ್ತು. ಯಂತ್ರ ನಮ್ಮನ್ನು ಕಳ್ಳರನ್ನಾಗಿ ಮಾಡಿಲ್ಲ. ಮುಂಚೆ ತಾನಾಗಿಯೇ ಆಗುತ್ತಿದ್ದ ಒಂದು ಸೌಜನ್ಯವನ್ನು ಈಗ ನಾವು ನೆನಪಿಟ್ಟುಕೊಂಡು, ಬೇರೆಯಾಗಿ, ಬೇಕೆಂದೇ ಮಾಡಬೇಕಾಗಿದೆ. ಅಷ್ಟೇ ವ್ಯತ್ಯಾಸ. ಆದರೆ ಅದು ಸಣ್ಣ ವ್ಯತ್ಯಾಸ ಅಲ್ಲ.

ಹಾಗಂತ ಪ್ರತಿ ಹೂವಿಗೂ, ಪ್ರತಿ ಗೆರೆಗೂ ಒಡೆಯರನ್ನು ಹುಡುಕುತ್ತಾ ಹೊರಟರೆ ಮಕ್ಕಳು ಸ್ಕೂಲಿಗೆ ಒಂದು ಚಾರ್ಟ್ ಕೂಡ ಮಾಡೋಕಾಗಲ್ಲ. ಮಾರಿಸ್ ಸತ್ತು ನೂರಿಪ್ಪತ್ತು ವರ್ಷದ ಮೇಲಾಯಿತು, ಅವನನ್ನು ಕೇಳೋದು ಹೇಗೆ? ಪೇಸ್ಲಿಯ ಸಾಲವನ್ನು ಕಾಶ್ಮೀರದ ಯಾವ ನೇಕಾರನಿಗೆ ತೀರಿಸೋದು? ಈ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಎಲ್ಲರಿಗೂ ತೀರಿಸಲಾಗದು ಅನ್ನುವುದು ಗೊತ್ತಿರುವ ಒಬ್ಬರಿಗೆ ತೀರಿಸದೇ ಇರುವುದಕ್ಕೆ ನೆಪ ಆಗಬಾರದು. ಕಾಕು ಇದ್ದದ್ದು ನಮ್ಮ ಓಣಿಯ ಮೂಲೆಯಲ್ಲಿ. ಅಮ್ಮನ ಫೋನಿನಲ್ಲಿ ಅವರ ನಂಬರ್ ಇತ್ತು.

ಹಕ್ಕು ಅನ್ನೋದು ಒಂದು, ಋಣ ಅನ್ನೋದು ಇನ್ನೊಂದು. ನಾನು ಇಷ್ಟು ದಿನ ಮೊದಲನೆಯದನ್ನೇ ಕೇಳುತ್ತಿದ್ದೆ. ಈ ಡಿಸೈನು ಯಾರದ್ದು? ಅದಕ್ಕೆ ಉತ್ತರ 'ಯಾರದ್ದೂ ಅಲ್ಲ' ಅಂತ ಬಂದ ಕೂಡಲೇ ನನ್ನದು ಅಂದುಕೊಂಡೆ. ಕೇಳಬೇಕಾಗಿದ್ದದ್ದು, ಇದು ನನಗೆ ಯಾರಿಂದ ಬಂತು ಅಂತ. ಗೋಪುರದ ಮೇಲೆ ಕಾಕುವಿಗೆ ಹಕ್ಕಿಲ್ಲ. ಅದನ್ನು ಅವರೇ ಒಪ್ಪುತ್ತಾರೆ. ಆದರೆ ನನ್ನ ಮೇಲೆ ಅವರ ಋಣ ಇದೆ. ಒಡೆತನ ಇಲ್ಲದ ಕಡೆಯೂ ಋಣ ಇರಬಹುದು. ನಮ್ಮ ಭಾಷೆಯಲ್ಲಿ ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಅಂತೆಲ್ಲ ಹೇಳ್ತೀವಿ. ಅವುಗಳಿಗೂ ಒಡೆತನದ ಕಾಗದಪತ್ರ ಇರೋದಿಲ್ಲ.

ಈಗ ನಾನು ಪಾಲಿಸೋಕೆ ನೋಡುತ್ತಿರುವುದು ಇಷ್ಟು. ಮನೆಗೆ, ಮಕ್ಕಳಿಗೆ, ಗೆಳತಿಯ ಹುಟ್ಟುಹಬ್ಬಕ್ಕೆ ಆದರೆ ತಲೆ ಕೆಡಿಸಿಕೊಳ್ಳೋದಿಲ್ಲ. ದುಡ್ಡು ಅಥವಾ ಹೊಗಳಿಕೆ, ಎರಡರಲ್ಲಿ ಒಂದು ನನ್ನ ಕಡೆ ಬರುತ್ತಿದ್ದರೆ ಎಲ್ಲಿಂದ ತೆಗೆದೆ ಅಂತ ಹೇಳ್ತೀನಿ. ಕೊಟ್ಟವರು ಬದುಕಿದ್ದು, ಗೊತ್ತಿದ್ದರೆ, ಮೊದಲು ಕೇಳಿ ಆಮೇಲೆ ಪಾಲು ಕೊಡ್ತೀನಿ. "ನೀನೇ ಮಾಡಿದ್ದಾ?" ಅಂದರೆ "ಕಾಗದ ಮಡಚಿದ್ದು ನಾನು" ಅಂತೀನಿ. ಹೇಳುವಾಗ ಒಳಗೆ ಸ್ವಲ್ಪ ಚುರ್ ಅನ್ನುತ್ತೆ, ಸುಳ್ಳು ಯಾಕೆ ಹೇಳಲಿ.

ಫೈಲಿನಲ್ಲಿ ಬಲಗಡೆಯ ಐದನೇ ಮೆಟ್ಟಿಲು ಸೇರಿಸಿದ್ದೇನೆ. ಮೊದಲ ಹಾಳೆಯನ್ನು ವಾಟ್ಸಾಪಿನಲ್ಲಿ ಅಮ್ಮನಿಗೆ ಕಳಿಸಿ ಕಾಕುಗೆ ತೋರಿಸು ಅಂದೆ. "ಈಗ ಬರೋಬ್ಬರಿ ಅದ ಅಂತ ಹೇಳಂದ್ರು. ಆನಿ ಯಾವಾಗ ಮಾಡ್ತಾಳ ಕೇಳಂದ್ರು" ಅಂತ ಉತ್ತರ ಬಂತು.

ಪಕ್ಕದ ಟವರಿನ ಹುಡುಗಿಯ ಮನೆಗೆ ಹೋದ ವಾರ ಹೋಗಿದ್ದೆ. ಅವಳಿಗೆ ಆ ಫೈಲ್ ಯಾವುದೋ ಗ್ರೂಪಿನಲ್ಲಿ ಸಿಕ್ಕಿತ್ತಂತೆ, ಯಾರದು ಅಂತ ಗೊತ್ತಿರಲಿಲ್ಲ. ನನಗೂ ಬೈಯುವ ಉತ್ಸಾಹ ಉಳಿದಿರಲಿಲ್ಲ. ಸರಿಪಡಿಸಿದ ಫೈಲ್ ಕೊಟ್ಟು, ಹಳೆಯದರಲ್ಲಿ ಎಷ್ಟು ಮೆಟ್ಟಿಲು ಇವೆ ಎಣಿಸು ಅಂದೆ. ಎರಡು ಸಲ ಎಣಿಸಿದಳು. ಕಾಕುವಿನ ಕಥೆ ಕೇಳಿ, ಅವಳೇ ಮುಂದಾಗಿ, "ಈ ಸಲ ಬ್ಯಾಗಿನ ಲಾಭದಲ್ಲಿ ಅವರಿಗೆ ಎಷ್ಟು ಕಳಿಸಲಿ?" ಅಂತ ಕೇಳಿದಳು. ನಂಬರ್ ಕೊಟ್ಟೆ. "ನನ್ನನ್ನ ಕೇಳಬೇಡ, ಅವರನ್ನೇ ಕೇಳು" ಅಂದೆ.